ಭಯಾನಕ ಕಥಾಮಾಲೆಯೂ ಸುಶಿಕ್ಷಿತರ ಆಕ್ಷೇಪವೂ

ದೆವ್ವಭೂತಗಳ ಚಲಚ್ಚಿತ್ರವೆಂದೊಡನೆಯೇ ಮೂಗು ಮುರಿಯುವುದು ಸುಶಿಕ್ಷಿತರ ಮನೆಗಳಲ್ಲಿ ಒಂದು ಶಿಷ್ಟಾಚಾರವೇ ಆಗಿಬಿಟ್ಟಿದೆ. ಪೌರಾಣಿಕ ಚಿತ್ರಕ್ಕೆ ಭಕ್ತಿಯ ರಕ್ಷೆಯುಂಟು. ಸಾಮಾಜಿಕ ಚಿತ್ರಕ್ಕೆ ಸುಧಾರಣೆಯ ರಕ್ಷೆಯುಂಟು. ಹಾಸ್ಯದ ಚಿತ್ರಕ್ಕೆ, ಯಾರಿಗೂ ಕೇಡಿಲ್ಲವೆಂಬ ರಕ್ಷೆಯುಂಟು. ಹೆದರಿಸುವ ಚಿತ್ರವೊಂದಕ್ಕೆ ಮಾತ್ರ ವಕಾಲತ್ತು ವಹಿಸುವವರಿಲ್ಲ. ಅದರಲ್ಲಿಯೂ ಮೂರು ನಾಲ್ಕು ಸಣ್ಣ ಕಥೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ ತೋರಿಸುವ ಭಯಾನಕ ಕಥಾಮಾಲೆಯ ಚಿತ್ರಗಳನ್ನಂತೂ ಕಲೆಯ ಪಂಕ್ತಿಯಲ್ಲಿ ಕುಳ್ಳಿರಿಸಲು ಯಾರೂ ಒಪ್ಪರು. ಅವುಗಳ ಮೇಲೆ ಹೊರಿಸುವ ದೋಷಗಳು ಮೂರು: ಅವು ತೇಪೆಯ ಕೆಲಸವೇ ಹೊರತು ಕಲೆಯಲ್ಲ; ಅವು ಮೂಢನಂಬಿಕೆಯನ್ನು ಬೆಳೆಸುತ್ತವೆ; ಅವು ಮಕ್ಕಳ ಮನಸ್ಸನ್ನು ಕೆಡಿಸುತ್ತವೆ. ಈ ಮೂರು ಆಕ್ಷೇಪಗಳೂ ಒಂದೇ ತಪ್ಪಿನಿಂದ ಹುಟ್ಟಿದವೆಂದೂ, ಆ ತಪ್ಪಿಗೆ ನಾಡು ತೆತ್ತ ಬೆಲೆ ಸಣ್ಣದಲ್ಲವೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಊರಿನ ಮಾತು. ಕಾನಹೊಸಹಳ್ಳಿಯೂ ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳೂ ಬಯಲಾಟದ ನೆಲ. ಬಯಲಾಟದಲ್ಲಿ ರಕ್ಕಸನ ಪ್ರವೇಶವನ್ನು ಕಂಡವರಿಗೆ ಭಯಾನಕ ರಸವೆಂದರೇನೆಂದು ಅಲಂಕಾರಶಾಸ್ತ್ರ ಬಿಚ್ಚಿ ಹೇಳಬೇಕಾಗಿಲ್ಲ. ತೆರೆಯ ಹಿಂದಿನಿಂದ ಮೊದಲು ಆರ್ಭಟ ಕೇಳಿಬರುತ್ತದೆ; ಮದ್ದಳೆಯ ಪೆಟ್ಟು ಬಿರುಸಾಗುತ್ತದೆ; ಕಿರೀಟ ಭುಜಕೀರ್ತಿಗಳ ಭಾರವನ್ನು ಹೊತ್ತು, ಹುಬ್ಬು ಮೀಸೆಗಳನ್ನು ತೀಡಿಕೊಂಡು ಪಾತ್ರ ಅಟ್ಟವೇ ಅದುರುವಂತೆ ಕುಣಿಯುತ್ತದೆ. ಕೂಸುಗಳು ತಾಯಂದಿರ ಸೆರಗಿನಲ್ಲಿ ಮುಖ ಹುದುಗಿಸುತ್ತವೆ. ಹುದುಗಿಸಿದವು ಮತ್ತೆ ಇಣುಕಿ ನೋಡುತ್ತವೆ. ಅಷ್ಟರಲ್ಲಿ ಸಾರಥಿ ಎಂಬವನು ಮುಂದೆ ಬಂದು, ಸ್ವಲ್ಪವೂ ಅಂಜದೆ, ತಾವು ಯಾರು, ತಮ್ಮ ನಾಮಾಂಕಿತವೇನು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಅಷ್ಟು ಹೊತ್ತು ಮುಗಿಲಿಗೆ ಮುಟ್ಟುವಂತೆ ಕೂಗಿದ ರಕ್ಕಸ ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಮರುದಿನ ಬೆಳಿಗ್ಗೆ ಅದೇ ರಕ್ಕಸ ಹೆಗಲ ಮೇಲೆ ಟವೆಲು ಹಾಕಿಕೊಂಡು ಚಹದಂಗಡಿಯ ಮುಂದೆ ಕುಳಿತಿರುವುದನ್ನು ಕೂಸು ಕಾಣುತ್ತದೆ, ಕಂಡು ನಗುತ್ತದೆ. ಇಲ್ಲಿ ಭಯವಿಲ್ಲವೆಂದಲ್ಲ, ಭಯವುಂಟು. ಆದರೆ ಆ ಭಯಕ್ಕೊಂದು ಚೌಕಟ್ಟುಂಟು. ಅದಕ್ಕೆ ಆರಂಭವಿದೆ, ಮುಕ್ತಾಯವಿದೆ. ಅದನ್ನು ಪ್ರಶ್ನಿಸುವವನೊಬ್ಬನು ಅದರೊಳಗೇ ನಿಂತಿದ್ದಾನೆ.

ಭಯಾನಕ ಕಥಾಮಾಲೆಯ ಚಲಚ್ಚಿತ್ರಗಳ ಆಕರ್ಷಣೆಯೂ ಇದೇ ಚೌಕಟ್ಟಿನಲ್ಲಿದೆ. ಇವುಗಳಲ್ಲಿ ಕಥೆಗಳು ಬಿಡಿಬಿಡಿಯಾದರೂ, ಅವನ್ನು ಹೇಳುವವರೂ ಕೇಳುವವರೂ ಚಿತ್ರದೊಳಗೇ ಇರುತ್ತಾರೆ. 1919ರಲ್ಲಿ ಜರ್ಮನಿಯ ರಿಚರ್ಡ್ ಓಸ್ವಾಲ್ಡನು ತೆಗೆದ ಮೂಕಚಿತ್ರವೊಂದರಲ್ಲಿ, ಹಳೆಯ ಪುಸ್ತಕದ ಅಂಗಡಿಯ ಗೋಡೆಯ ಪಟಗಳಿಂದ ಮೃತ್ಯು, ಸೈತಾನ, ವೇಶ್ಯೆ ಎಂಬ ಮೂವರು ರಾತ್ರಿಯ ವೇಳೆ ಇಳಿದು ಬಂದು, ಅಲ್ಲಿಯ ಪುಸ್ತಕಗಳಲ್ಲಿನ ಕಥೆಗಳನ್ನು ಓದಿಕೊಳ್ಳುತ್ತಾರೆ. 1924ರಲ್ಲಿ ಪಾಲ್ ಲೆನಿಯು ತೆಗೆದ ಚಿತ್ರದಲ್ಲಿ, ಜಾತ್ರೆಯ ಮೇಣದ ಬೊಂಬೆಗಳ ಪ್ರದರ್ಶನಕ್ಕೆ ಕಥೆ ಬರೆದುಕೊಡಲು ಒಬ್ಬ ಬಡ ಯುವಕವಿ ಕೆಲಸಕ್ಕೆ ಸೇರುತ್ತಾನೆ. ಅವನು ಬರೆಯುತ್ತ ಹೋದಂತೆ ಬೊಂಬೆಗಳ ಕಥೆಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಈ ಜಾತಿಯ ಚಿತ್ರ ಮಾತು ಕಲಿಯುವುದಕ್ಕೆ ಮುಂಚೆಯೇ ತನ್ನ ಲಕ್ಷಣವನ್ನು ಕಂಡುಕೊಂಡಿತ್ತೆಂಬುದಕ್ಕೆ ಇವು ಸಾಕ್ಷಿ.

ಅದರ ಪೂರ್ಣ ರೂಪ 1945ರಲ್ಲಿ ಇಂಗ್ಲೆಂಡಿನ ಈಲಿಂಗ್ ಸ್ಟುಡಿಯೋದವರು ಹೊರತಂದ ‘ಡೆಡ್ ಆಫ್ ನೈಟ್’ ಚಿತ್ರದಲ್ಲಿ ಕಾಣುತ್ತದೆ. ನಾಲ್ವರು ನಿರ್ದೇಶಕರು, ಐದು ಕಥೆಗಳು. ವಾಸ್ತುಶಿಲ್ಪಿಯೊಬ್ಬನು ಹಳ್ಳಿಯ ಮನೆಯೊಂದಕ್ಕೆ ಬರುತ್ತಾನೆ. ಅಲ್ಲಿ ನೆರೆದವರನ್ನೆಲ್ಲ ತಾನು ಕನಸಿನಲ್ಲಿ ಕಂಡಿರುವುದಾಗಿ ಹೇಳುತ್ತಾನೆ. ಆಗ ಒಬ್ಬೊಬ್ಬರೂ ತಮಗಾದ ವಿಚಿತ್ರಾನುಭವವನ್ನು ಹೇಳತೊಡಗುತ್ತಾರೆ. ಆ ಗುಂಪಿನಲ್ಲಿ ಒಬ್ಬ ಮನೋವೈದ್ಯನಿದ್ದಾನೆ. ಅವನು ಯಾವುದನ್ನೂ ನಂಬುವುದಿಲ್ಲ. ಹೇಳಿದ್ದಕ್ಕೆಲ್ಲ ಕಾರ್ಯಕಾರಣ ಸಂಬಂಧವನ್ನು ಹುಡುಕಿ ಬಿಡಿಸಿ ಹೇಳುತ್ತಾನೆ. ಕಥೆಗಳಲ್ಲಿ ಒಂದು ನಗೆಯ ಕಥೆ. ಒಂದು ಕನ್ನಡಿಯ ಕಥೆ. ಕೊನೆಯದು ಮಾತಾಡುವ ಬೊಂಬೆಯನ್ನು ಆಡಿಸುವ ಕಲಾವಿದನೇ ಆ ಬೊಂಬೆಗೆ ವಶನಾಗುವ ಕಥೆ. ಚಿತ್ರ ಮುಗಿಯುವಾಗ ಅದು ಆರಂಭವಾದ ಸ್ಥಳಕ್ಕೇ ಹಿಂದಿರುಗುತ್ತದೆ. ಇದರಿಂದ ಪ್ರೇಕ್ಷಕ ಹೊತ್ತೊಯ್ಯುವುದು ದೆವ್ವದ ಮೇಲಿನ ನಂಬಿಕೆಯನ್ನಲ್ಲ; ವೈದ್ಯನ ಮಾತು ಸರಿಯೆ, ವಾಸ್ತುಶಿಲ್ಪಿಯ ಮಾತು ಸರಿಯೆ ಎಂಬ ತರ್ಕವನ್ನು.

ಅದೇ ದಾರಿಯನ್ನು ಹಿಡಿದು ಇಂಗ್ಲೆಂಡಿನ ಆಮಿಕಸ್ ಎಂಬ ಸಂಸ್ಥೆಯವರು 1965ರಿಂದ ಸುಮಾರು ಹತ್ತು ವರ್ಷಗಳ ಕಾಲ ಕಥಾಮಾಲೆಗಳನ್ನು ತೆಗೆದರು. ಮೊದಲನೆಯ ಚಿತ್ರದಲ್ಲಿ ರೈಲಿನ ಡಬ್ಬಿಯಲ್ಲಿ ಕುಳಿತ ಐವರಿಗೆ ಆರನೆಯವನೊಬ್ಬನು ಎಲೆಗಳನ್ನು ಹಾಕಿ ಭವಿಷ್ಯ ನುಡಿಯುತ್ತಾನೆ. 1972ರ ‘ಟೇಲ್ಸ್ ಫ್ರಂ ದಿ ಕ್ರಿಪ್ಟ್’ ಚಿತ್ರದಲ್ಲಿ ಐವರು ನೆಲಮಾಳಿಗೆಯ ಸಮಾಧಿಗಳ ನಡುವೆ ದಾರಿ ತಪ್ಪಿ, ಅಲ್ಲಿಯ ಕಾವಲುಗಾರನ ಎದುರು ನಿಂತು ತಮ್ಮ ತಮ್ಮ ಪಾಪದ ಕಥೆಗಳನ್ನು ಕಾಣುತ್ತಾರೆ. ಅವುಗಳಲ್ಲೊಂದು, ಹೆಂಡತಿಯನ್ನು ಕಳೆದುಕೊಂಡ ಬಡ ಕಸಗುಡಿಸುವ ಮುದುಕನದು. ನಾಯಿಗಳೂ ಓಣಿಯ ಮಕ್ಕಳೂ ಅವನ ನೆಂಟರು. ಎದುರುಮನೆಯ ಸಿರಿವಂತನಿಗೆ ಆ ಮುರುಕು ಮನೆ ಕಣ್ಣಿಗೆ ಕಸವಾಗುತ್ತದೆ. ಅವನು ಮುದುಕನ ನಾಯಿಗಳನ್ನು ಬಿಡಿಸುತ್ತಾನೆ, ಕೆಲಸವನ್ನು ತಪ್ಪಿಸುತ್ತಾನೆ, ಮಕ್ಕಳು ಬರದಂತೆ ಮಾಡುತ್ತಾನೆ. ಕಡೆಗೆ ಪ್ರೇಮಿಗಳ ದಿನದಂದು ಓಣಿಯವರೆಲ್ಲರ ಹೆಸರಿನಲ್ಲಿ ಹೀನ ನಿಂದೆಯ ಓಲೆಗಳನ್ನು ಕಳುಹಿಸುತ್ತಾನೆ. ಮುದುಕ ಉರುಲು ಹಾಕಿಕೊಳ್ಳುತ್ತಾನೆ. ವರ್ಷ ತುಂಬಿದ ರಾತ್ರಿ ಅವನು ಗೋರಿಯಿಂದ ಎದ್ದು ಬರುತ್ತಾನೆ. ಈ ಕಥೆಯನ್ನು ಕಂಡವರನ್ನು ಹೆದರಿಸುವುದು ಗೋರಿಯಿಂದೆದ್ದ ಹೆಣವಲ್ಲ. ಶುಭ್ರವಾದ ಬಟ್ಟೆಯುಟ್ಟು ಎದುರುಮನೆಯಲ್ಲಿ ನಿಂತ ಮನುಷ್ಯ. ಚಿತ್ರದ ಕೊನೆಯಲ್ಲಿ ಕಾವಲುಗಾರ, ಇನ್ನು ಮುಂದಿನವರು ಯಾರೆಂಬಂತೆ ಪ್ರೇಕ್ಷಕರತ್ತಲೇ ತಿರುಗುತ್ತಾನೆ.

ಇದು ಪಶ್ಚಿಮದವರ ಚಾಪಲ್ಯವೆಂದು ತಳ್ಳಿಹಾಕುವವರು ಪೂರ್ವದ ಕಡೆಗೂ ನೋಡಬಹುದು. ಜಪಾನಿನ ಮಸಾಕಿ ಕೊಬಯಾಶಿಯವರು 1964ರಲ್ಲಿ ‘ಕ್ವೈದಾನ್’ ಎಂಬ ಚಿತ್ರದಲ್ಲಿ, ಲಾಫ್ಕಾಡಿಯೋ ಹರ್ನನು ಸಂಗ್ರಹಿಸಿ ಬರೆದ ನಾಲ್ಕು ಕಥೆಗಳನ್ನು ಪೋಣಿಸಿದರು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಪಾರಿತೋಷಕ ದೊರೆಯಿತು. ಅದರಲ್ಲೊಬ್ಬ ಕುರುಡ ಗಾಯಕ. ಸಮುದ್ರಯುದ್ಧದಲ್ಲಿ ಸತ್ತ ಯೋಧರ ಪ್ರೇತಗಳು ಅವನನ್ನು ರಾತ್ರಿ ಕರೆದೊಯ್ದು, ತಮ್ಮ ಸಾವಿನ ಹಾಡನ್ನೇ ಅವನ ಬಾಯಿಂದ ಕೇಳುತ್ತವೆ. ಅವನನ್ನು ಉಳಿಸಲು ಭಿಕ್ಷುಗಳು ಮೈತುಂಬ ಸೂತ್ರಗಳನ್ನು ಬರೆಯುತ್ತಾರೆ. ಕಿವಿಗಳ ಮೇಲೆ ಬರೆಯಲು ಮರೆಯುತ್ತಾರೆ. ಪ್ರೇತ ಕಿವಿಗಳನ್ನೇ ಕಿತ್ತೊಯ್ಯುತ್ತದೆ. ಬಂಗಾಳದಲ್ಲಿ ಸತ್ಯಜಿತ್ ರಾಯರು 1961ರಲ್ಲಿ ರವೀಂದ್ರನಾಥರ ಮೂರು ಕಥೆಗಳಿಂದ ‘ತೀನ್ ಕನ್ಯಾ’ ಚಿತ್ರವನ್ನು ಕಟ್ಟಿದಾಗ ನಡುವಣ ‘ಮಣಿಹಾರಾ’ ಪ್ರೇತಕಥೆಯೇ ಆಗಿತ್ತು. ನದಿಯ ಘಾಟಿನಲ್ಲಿ ಶಾಲೆಯ ಮಾಸ್ತರನೊಬ್ಬನು ಮುಸುಕು ಹೊದ್ದ ಅಪರಿಚಿತನಿಗೆ, ಒಡವೆಯ ಆಸೆಯಿಂದ ಹಾಳಾದ ಹೆಂಡತಿಯೊಬ್ಬಳ ಕಥೆ ಹೇಳುತ್ತಾನೆ. ಕಡೆಯಲ್ಲಿ, ಕೇಳಿದವನೇ ಆ ಕಥೆಯ ಗಂಡನೆಂದು ತಿಳಿಯುತ್ತದೆ. ಹೊರದೇಶಗಳಿಗೆ ಕಳುಹಿಸಿದ ಪ್ರತಿಯಲ್ಲಿ ಈ ನಡುವಣ ಕಥೆಯನ್ನೇ ಬಿಟ್ಟು, ಮೂವರು ಕನ್ಯೆಯರನ್ನು ಇಬ್ಬರನ್ನಾಗಿ ಮಾಡಲಾಯಿತು. ಕತ್ತರಿಗೆ ಮೊದಲು ಸಿಕ್ಕುವುದು ಇಂಥ ಕಥೆಯೇ!

ಇನ್ನು ಮೊದಲನೆಯ ಆಕ್ಷೇಪವನ್ನು ವಿಚಾರಿಸಬಹುದು. ಇವು ತೇಪೆಯ ಕೆಲಸವೆಂದೂ ಅಖಂಡವಾದ ಕಲಾಕೃತಿಯಲ್ಲವೆಂದೂ ಹೇಳುವವರು ಭಾರತೀಯ ಕಥಾಸಾಹಿತ್ಯದ ಅರ್ಧವನ್ನು ತಿಪ್ಪೆಗೆ ಎಸೆಯಲು ಸಿದ್ಧರಿರಬೇಕು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ಕಥಾಸರಿತ್ಸಾಗರದೊಳಗಣ ಬೇತಾಳನ ಕಥೆಗಳಿಗಿಂತ ಉತ್ತಮವಾದ ಭಯಾನಕ ಕಥಾಮಾಲೆ ಯಾವ ದೇಶದಲ್ಲಿದೆ? ಸ್ಮಶಾನ, ನಡುರಾತ್ರಿ, ಮರಕ್ಕೆ ತೂಗಿದ ಹೆಣ, ಅದನ್ನು ಹೆಗಲಿಗೇರಿಸಿ ನಡೆಯುವ ರಾಜ. ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುವುದು. ಉತ್ತರ ಹೇಳಿದರೆ ಮೌನಭಂಗವಾಗಿ ಹೆಣ ಮತ್ತೆ ಮರಕ್ಕೇ ಹೋಗುವುದು. ಕಡೆಯ ಕಥೆಯ ಪ್ರಶ್ನೆಗೆ ರಾಜನಿಗೆ ಉತ್ತರವೇ ತೋರದೆ ಸುಮ್ಮನಾಗುತ್ತಾನೆ. ಆಗಲೇ ಬೇತಾಳ ಅವನಿಗೆ ಒಲಿದು, ಅವನನ್ನು ಬಲಿಕೊಡಲು ಕಾದಿರುವ ಕಪಟ ಸಂನ್ಯಾಸಿಯ ಗುಟ್ಟನ್ನು ಬಿಡಿಸಿ ಹೇಳುತ್ತದೆ. ಇಲ್ಲಿ ಚೌಕಟ್ಟು ಕಥೆಗಳನ್ನು ಹಿಡಿದಿಡುವ ದಾರವಷ್ಟೇ ಅಲ್ಲ. ಕೇಳುವವನ ನ್ಯಾಯಬುದ್ಧಿಯನ್ನು ತೂಗಿ ನೋಡುವ ತಕ್ಕಡಿ. ‘ಚಂದಮಾಮ’ದಲ್ಲಿ ಚಿತ್ರಕಾರ ಶಂಕರರು ಬರೆದ, ಹೆಣ ಹೊತ್ತು ಕತ್ತಿ ಹಿಡಿದ ರಾಜನ ಚಿತ್ರವನ್ನು ನೋಡುತ್ತ ಬೆಳೆದ ಕನ್ನಡಿಗರಲ್ಲಿ ಯಾರಾದರೂ ಅದರಿಂದ ಕೆಟ್ಟರೆಂದು ಹೇಳುವವರುಂಟೆ?

ಕನ್ನಡದ ಸ್ವಂತ ಸೊತ್ತಿನಲ್ಲಿಯೂ ಇದಕ್ಕೆ ಕೊರತೆಯಿಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ ಆರಂಭವಾಗುವುದು ಚಂಡಮಾರಿಯ ಗುಡಿಯ ಘೋರ ದೃಶ್ಯದಿಂದ. ಬಲಿಗೆಂದು ಹಿಡಿದು ತಂದ ಎಳೆಯ ಅಣ್ಣತಂಗಿಯರು. ಕತ್ತಿ ಹಿಡಿದು ನಿಂತ ಮಾರಿದತ್ತ ರಾಜ. ಆ ಕತ್ತಿಯ ಕೆಳಗೆ ನಿಂತು ಬಾಲಕ ತಮ್ಮ ಜನ್ಮಜನ್ಮಾಂತರದ ಕಥೆಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತಾನೆ: ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಕ್ಕಳು ನವಿಲಾಗಿ, ನಾಯಿಯಾಗಿ, ಬೇರೆ ಬೇರೆ ಪ್ರಾಣಿಗಳಾಗಿ ಹುಟ್ಟಿ ಒಂದರ ಕಣ್ಣೆದುರಿಗೆ ಒಂದು ಸಾಯುವ ಕಥೆ. ಕೇಳಿ ಮುಗಿದಾಗ ರಾಜನ ಕೈಯಿಂದ ಹಿಂಸೆಯೇ ಜಾರಿ ಬೀಳುತ್ತದೆ. ಹೆದರಿಸುವ ಕಥೆಗಳನ್ನು ಒಂದು ಚೌಕಟ್ಟಿನಲ್ಲಿಟ್ಟು, ಕೇಳುವವನ ಮನಸ್ಸನ್ನೇ ತಿರುಗಿಸುವುದು ಜನ್ನನಿಗೆ ಕಲೆಯಾದರೆ, ಅದನ್ನೇ ಬೆಳ್ಳಿಯ ತೆರೆಯ ಮೇಲೆ ಮಾಡಿದವರ ಕೆಲಸ ಮಾತ್ರ ತೇಪೆ ಹೇಗಾದೀತು?

ಅಲ್ಲದೆ ಭಯವೆಂಬ ಭಾವದ ಸ್ವಭಾವವನ್ನೂ ಗಮನಿಸಬೇಕು. ಶೋಕ ಬಹುಕಾಲ ನಿಲ್ಲಬಲ್ಲದು. ಪ್ರೇಮ ವರ್ಷಗಟ್ಟಲೆ ಬೆಳೆಯಬಲ್ಲದು. ಭಯ ಮಾತ್ರ ಏರಿದಷ್ಟೇ ವೇಗವಾಗಿ ಇಳಿಯುತ್ತದೆ. ಮೂರು ಗಂಟೆಯ ಚಿತ್ರವೊಂದು ಒಂದೇ ದೆವ್ವವನ್ನು ನೆಚ್ಚಿಕೊಂಡರೆ, ಅರ್ಧ ದಾರಿಯಲ್ಲಿ ಆ ದೆವ್ವ ಮನೆಯ ನೆಂಟನಾಗುತ್ತದೆ. ಉಳಿದ ಹೊತ್ತನ್ನು ಹಾಡಿನಿಂದಲೋ ಹಾಸ್ಯದಿಂದಲೋ ತುಂಬಬೇಕಾಗುತ್ತದೆ. ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ಚಿತ್ರವೂ 2004ರ ‘ಆಪ್ತಮಿತ್ರ’ವೂ ಜನಮನ್ನಣೆ ಪಡೆದವು ನಿಜ. ಆದರೆ ಅವುಗಳಲ್ಲಿ ನೋಡಿದವರ ನೆನಪಿನಲ್ಲುಳಿದ ಭಯದ ಘಳಿಗೆಗಳನ್ನು ಎಣಿಸಿದರೆ, ಒಂದು ಸಣ್ಣ ಕಥೆಗೆ ಸಾಲುವಷ್ಟೇ ಆಗುತ್ತವೆ. ಸಣ್ಣ ಕಥೆ ಭಯದ ಅಳತೆಗೆ ತಕ್ಕ ಅಂಗಿ. ಒಂದು ಕಥೆ ಮುಗಿದೊಡನೆ ಚಿತ್ರ ಚೌಕಟ್ಟಿಗೆ ಹಿಂದಿರುಗುತ್ತದೆ. ಪ್ರೇಕ್ಷಕ ಉಸಿರು ಬಿಡುತ್ತಾನೆ, ಪಕ್ಕದವರ ಮುಖ ನೋಡುತ್ತಾನೆ, ಮುಂದಿನದಕ್ಕೆ ಸಿದ್ಧನಾಗುತ್ತಾನೆ. ಇದು ತೇಪೆಯಲ್ಲ, ತಾಳ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ಇಂಥ ಚಿತ್ರಗಳು ಮೂಢನಂಬಿಕೆಯನ್ನು ಬೆಳೆಸುತ್ತವೆಂಬುದು. ಇದನ್ನು ಹೇಳುವವರ ಕಳಕಳಿ ಸುಳ್ಳಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಹೆಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದಾಗ ಅವರು ಎದುರಿಸಬೇಕಾದ ವಿರೋಧ ಅಲ್ಪವಾಗಿರಲಿಲ್ಲ. ಮಾಟಮಂತ್ರದ ಹೆಸರಿನ ಅಮಾನುಷ ಆಚರಣೆಗಳನ್ನು ತಡೆಯಲು ಕರ್ನಾಟಕದ ವಿಧಾನಮಂಡಲ 2017ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಹೀಗಿರುವಾಗ ಭೂತದ ಚಿತ್ರಗಳನ್ನು ಕಂಡು ವಿಚಾರವಂತರು ಬೆದರುವುದು ಸಹಜವೇ. ಆದರೆ ಕಥೆಯ ಭೂತವೂ ನಂಬಿಕೆಯ ಭೂತವೂ ಒಂದೇ ಅಲ್ಲ. ಕಥೆ, ತಾನು ಕಥೆಯೆಂದು ಮೊದಲೇ ಒಪ್ಪಿಕೊಂಡು ಬರುತ್ತದೆ. ಮೂಢನಂಬಿಕೆ, ತಾನು ಸತ್ಯವೆಂದು ಹೇಳಿಕೊಂಡು ಬರುತ್ತದೆ. ಪ್ರಶ್ನಿಸಿದವನನ್ನು ಶತ್ರುವೆಂದು ಎಣಿಸುತ್ತದೆ. ಬಯಲಾಟದ ಸಾರಥಿಗೂ ‘ಡೆಡ್ ಆಫ್ ನೈಟ್’ ಚಿತ್ರದ ವೈದ್ಯನಿಗೂ ಇರುವ ಆಸನ ಮೂಢನಂಬಿಕೆಯ ಸಭೆಯಲ್ಲಿಲ್ಲ.

ಈ ಭೇದವನ್ನು ಪ್ರಾಚೀನ ಆಲಂಕಾರಿಕರು ಚೆನ್ನಾಗಿ ಅರಿತಿದ್ದರು. ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದನ್ನು ಅವನು ಪಂಕ್ತಿಯಿಂದ ಎಬ್ಬಿಸಲಿಲ್ಲ. ಅಭಿನವಗುಪ್ತನು ರಸಾನುಭವವೆಂದರೇನೆಂದು ವಿವರಿಸಹೊರಟಾಗ ಆರಿಸಿಕೊಂಡ ಉದಾಹರಣೆ ಶೃಂಗಾರದ್ದಲ್ಲ, ಭಯದ್ದು: ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಕತ್ತು ಹೊರಳಿಸಿ ಹಿಂದೆ ನೋಡುತ್ತ ಓಡುವ ಜಿಂಕೆ. ಆ ಜಿಂಕೆಯ ಭಯವನ್ನು ಸಹೃದಯ ಅನುಭವಿಸುವಾಗ, ತಾನು ಹೆದರಿದ್ದೇನೆ ಎಂದಾಗಲಿ, ಅವನು ಹೆದರಿದ್ದಾನೆ, ಶತ್ರು ಹೆದರಿದ್ದಾನೆ ಎಂದಾಗಲಿ ಭಾವಿಸುವುದಿಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯ ಮಾತ್ರ ಅವನ ಎದೆಯಲ್ಲಿ ಉಳಿಯುತ್ತದೆ. ಲೋಕದ ಭಯ ಓಡಿಸುತ್ತದೆ, ಇಲ್ಲವೆ ಹೊಡೆಸುತ್ತದೆ. ಕಾವ್ಯದ ಭಯ ಕುಳ್ಳಿರಿಸಿ ನೋಡಿಸುತ್ತದೆ. ಈ ಪರಿವರ್ತನೆಯನ್ನು ಮಾಡುವುದು ಚೌಕಟ್ಟು. ಭೂತದ ಚಿತ್ರವನ್ನು ಮೂಢನಂಬಿಕೆಯೆಂದು ಕರೆಯುವವರು ಈ ಎರಡು ಭಯಗಳನ್ನು ಒಂದೇ ಹಗ್ಗದಲ್ಲಿ ಕಟ್ಟುತ್ತಾರೆ. ಮೇಲೆ ಹೇಳಿದ ಮೂಲ ತಪ್ಪು ಇದೇ.

ಚೌಕಟ್ಟಿಲ್ಲದ ಭಯ ಹೇಗಿರುತ್ತದೆಂಬುದನ್ನು ಕರ್ನಾಟಕ 1990ರ ದಶಕದಲ್ಲಿ ಕಂಡಿತು. ರಾತ್ರಿಯಲ್ಲಿ ಹೆಣ್ಣುದೆವ್ವವೊಂದು ಬಂದು ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ಬಡಿಯುತ್ತದೆ, ತೆರೆದವರು ಸಾಯುತ್ತಾರೆ ಎಂಬ ಗಾಳಿಮಾತು ಹಬ್ಬಿತು. ಅದಕ್ಕೆ ಪರಿಹಾರವಾಗಿ ಊರೂರುಗಳಲ್ಲಿ ಬಾಗಿಲು ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದಿರುಗುವುದು, ಮರುರಾತ್ರಿ ಬಂದು ಮತ್ತೆ ಅದನ್ನೇ ಓದುವುದು! ಕಥೆಯ ದೃಷ್ಟಿಯಿಂದ ಇದಕ್ಕಿಂತ ಚೊಕ್ಕವಾದ ಕಲ್ಪನೆ ಸಿಕ್ಕುವುದು ಕಷ್ಟ. ಆದರೆ ಅದಕ್ಕೆ ಹೇಳುವವನಿರಲಿಲ್ಲ, ಆರಂಭ ಮುಕ್ತಾಯಗಳಿರಲಿಲ್ಲ, ಯಾರು ಕಂಡರು, ಎಲ್ಲಿ ಕಂಡರು ಎಂದು ಕೇಳುವ ಸಾರಥಿಯಿರಲಿಲ್ಲ. ಆದುದರಿಂದ ಅದು ಕಥೆಯಾಗದೆ ಅಂಜಿಕೆಯಾಯಿತು. 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಅದೇ ಕಲ್ಪನೆಯನ್ನು ತೆರೆಯ ಮೇಲೆ ತಂದಾಗ ಜನ ಒಮ್ಮೆ ಬೆಚ್ಚಿ, ಮರುಕ್ಷಣ ನಕ್ಕರು. ದೆವ್ವ ಹಳೆಯದೇ, ಚೌಕಟ್ಟು ಮಾತ್ರ ಹೊಸದು. ಯಾವುದು ಮೂಢನಂಬಿಕೆಯನ್ನು ಬೆಳೆಸಿತು, ಯಾವುದು ಅದರ ಹಲ್ಲು ಕಿತ್ತಿತು ಎಂಬುದನ್ನು ಓದುಗರೇ ನಿರ್ಣಯಿಸಬಹುದು.

ಮೂರನೆಯ ಆಕ್ಷೇಪ ಮಕ್ಕಳದು. ಇದು ಹೊಸದಲ್ಲ. ಅಮೆರಿಕಾದಲ್ಲಿ 1954ರಲ್ಲಿ, ಭಯಾನಕ ಚಿತ್ರಕಥೆಯ ಪುಸ್ತಿಕೆಗಳಿಂದ ಬಾಲಕರು ಅಪರಾಧಿಗಳಾಗುತ್ತಾರೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಾಮನು ಒಂದು ಗ್ರಂಥವನ್ನೇ ಬರೆದನು. ಸೆನೆಟ್ ಸಭೆಯ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಅಂಜಿ, ಪುಸ್ತಿಕೆಯ ಹೆಸರಿನಲ್ಲಿ ‘ಭಯಾನಕ’ವೆಂಬ ಅರ್ಥದ ಪದವೂ ಬಾರದಂತೆ ತಮಗೆ ತಾವೇ ನಿಯಮ ಹಾಕಿಕೊಂಡರು. ಮೇಲೆ ಹೇಳಿದ ಬಡ ಮುದುಕನ ಕಥೆ ಅಂಥ ನಿಂದಿತ ಪುಸ್ತಿಕೆಗಳಿಂದಲೇ ಬಂದದ್ದು. ಬಡವನನ್ನು ಕಾಡಿ ಕೊಂದ ಸಿರಿವಂತನಿಗೆ ಶಿಕ್ಷೆಯಾಗುವ ಕಥೆಯಿಂದ ಮಕ್ಕಳನ್ನು ಕಾಪಾಡಿ ಅಲ್ಲಿಯ ಹಿರಿಯರು ಸಾಧಿಸಿದ್ದೇನೋ ಅವರೇ ಬಲ್ಲರು.

ಕನ್ನಡದ ಸುಶಿಕ್ಷಿತರ ನಡತೆಯಲ್ಲಂತೂ ಇನ್ನೊಂದು ವಿನೋದವಿದೆ. ಹತ್ತೊಂಬತ್ತು ಕಥೆಗಳ ವಡ್ಡಾರಾಧನೆಯನ್ನು ಅವರು ಕಾಲೇಜುಗಳಲ್ಲಿ ಪಠ್ಯವಾಗಿಟ್ಟು ಪೂಜಿಸುತ್ತಾರೆ. ಅದರಲ್ಲಿ ಸುಕುಮಾರಸ್ವಾಮಿ ಧ್ಯಾನದಲ್ಲಿ ನಿಂತಿರುವಾಗ, ಹಿಂದಿನ ಜನ್ಮದ ಹಗೆಯನ್ನು ಹೊತ್ತ ಹೆಣ್ಣುನರಿಯೊಂದು ತನ್ನ ಮರಿಗಳೊಡನೆ ಬಂದು ಮೂರು ರಾತ್ರಿ ಅವನನ್ನು ಜೀವಂತವಾಗಿ ತಿನ್ನುತ್ತದೆ. ಇದನ್ನು ಓದಿದ ವಿದ್ಯಾರ್ಥಿ ಶಾಂತರಸವನ್ನು ಕಲಿಯುತ್ತಾನೆಂದೂ, ತೆರೆಯ ಮೇಲೆ ಪ್ರೇತವನ್ನು ನೋಡಿದ ಬಾಲಕ ಕೆಡುತ್ತಾನೆಂದೂ ಒಂದೇ ಬಾಯಿಂದ ಹೇಳುವುದು ಹೇಗೆ?

ಮಕ್ಕಳು ಭಯವಿಲ್ಲದೆ ಬೆಳೆಯುವುದಿಲ್ಲ. ಪ್ರಶ್ನೆಯಿರುವುದು, ಆ ಭಯವನ್ನು ಅವರು ಯಾರ ಮಗ್ಗುಲಲ್ಲಿ ಕುಳಿತು ಕಲಿಯುತ್ತಾರೆ ಎಂಬುದರಲ್ಲಿ. ಹಿಂದೆ ಬೇಸಗೆಯ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದಾಗ ಅಜ್ಜಿ ದೆವ್ವದ ಕಥೆ ಹೇಳುತ್ತಿದ್ದಳು. ಹೆದರಿದ ಕೂಸನ್ನು ಅವಳೇ ತಬ್ಬಿಕೊಂಡು ಮಲಗುತ್ತಿದ್ದಳು. ಅಜ್ಜಿಯ ಕೈಯೇ ಆ ಕಥೆಯ ಚೌಕಟ್ಟು. ಸುಶಿಕ್ಷಿತರಾದ ತಂದೆತಾಯಿಗಳು ಆ ಕಥೆಯನ್ನು ಅನಾಗರಿಕವೆಂದು ನಿಲ್ಲಿಸಿದರು. ಭೂತದ ಚಿತ್ರವನ್ನು ಮನೆಯಿಂದ ಹೊರಗಿಟ್ಟರು. ಆ ಮೇಲೆ ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ನೆಮ್ಮದಿಯಿಂದ ತಮ್ಮ ಕೆಲಸಕ್ಕೆ ಹೋದರು. ಅದರಲ್ಲಿ ಅರ್ಧ ನಿಮಿಷದ ಭೀಕರ ತುಣುಕುಗಳು ಒಂದರ ಬೆನ್ನಿಗೊಂದು ಬರುತ್ತವೆ. ಅವುಗಳಿಗೆ ಹೆಸರಿಲ್ಲ, ಹೇಳುವವನಿಲ್ಲ, ನ್ಯಾಯವಿಲ್ಲ, ಮುಕ್ತಾಯವಿಲ್ಲ. ಮಗು ಅವನ್ನು ಹೊದಿಕೆಯೊಳಗೆ ಒಂಟಿಯಾಗಿ ನೋಡುತ್ತದೆ.

ಕೆಡುವುದು ಮಕ್ಕಳಷ್ಟೇ ಅಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೂಲಿ ಅರಸಿ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅದೇ ವರ್ಷದ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣ ಎಂಜಿನಿಯರನೊಬ್ಬ ಅಂಥದೇ ವದಂತಿಗೆ ಬಲಿಯಾದನು. ಆ ತಂಡದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅಪರಾಧವಾಯಿತು. ಆ ತಿಂಗಳುಗಳಲ್ಲಿ ವಾಟ್ಸಾಪಿನ ಮೂಲಕ ದೇಶದ ತುಂಬ ಹರಡಿದ್ದ ತುಣುಕುಗಳಲ್ಲೊಂದರ ಚರಿತ್ರೆ ಇಲ್ಲಿ ಮುಖ್ಯವಾದುದು. ಮೋಟಾರು ಸೈಕಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು ಅದರಲ್ಲಿತ್ತು. ಅದು ನಿಜವಾಗಿ ಕರಾಚಿಯ ಸಂಸ್ಥೆಯೊಂದಕ್ಕಾಗಿ, ತಂದೆತಾಯಿಗಳನ್ನು ಎಚ್ಚರಿಸಲೆಂದು ತೆಗೆದ ಕಿರುಚಿತ್ರ. ಅದರ ಕೊನೆಯಲ್ಲಿ ಆ ಇಬ್ಬರೂ ಹಿಂದಿರುಗಿ ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಕ್ಷಣ ಸಾಕೆಂಬ ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿ ಉಳಿದುದನ್ನು ಹರಿಯಬಿಟ್ಟರು. ಚೌಕಟ್ಟಿದ್ದಾಗ ಅದು ಹಿತವಚನ. ಚೌಕಟ್ಟನ್ನು ಕಿತ್ತಾಗ ಅದು ಕೊಲೆಗೆ ಪ್ರೇರಣೆ. ಚೌಕಟ್ಟು ಅಲಂಕಾರವಲ್ಲ, ಪ್ರಾಣರಕ್ಷೆ ಎಂಬುದಕ್ಕೆ ಇದಕ್ಕಿಂತ ದಾರುಣವಾದ ಪ್ರಮಾಣ ಬೇಕೆ?

ಆ ವದಂತಿಗಳನ್ನು ನಂಬಿದವರಲ್ಲಿ, ಕಳುಹಿಸಿದವರಲ್ಲಿ, ಓದು ಬರಹ ಬಲ್ಲವರು ಕಡಮೆಯಿರಲಿಲ್ಲ. ಬೇತಾಳನ ಕಥೆಯನ್ನು ಕೇಳುತ್ತ ಬೆಳೆದ ಮನಸ್ಸು ಹೆದರಿದ ಕೂಡಲೆ ಪ್ರಶ್ನೆಯನ್ನು ನಿರೀಕ್ಷಿಸುತ್ತದೆ: ಇಲ್ಲಿ ತಪ್ಪು ಯಾರದು? ಹೇಳುವವನು ಯಾರು? ಕಥೆ ಇಷ್ಟಕ್ಕೇ ಮುಗಿಯಿತೆ? ಈ ಅಭ್ಯಾಸ ಪುಸ್ತಕದ ಬೋಧೆಯಿಂದ ಬರುವುದಲ್ಲ. ಹೆದರಿ, ಹೆದರಿಕೆಯನ್ನು ದಾಟಿ ಬಂದವರಿಗೆ ಬರುವುದು. ಭಯಾನಕ ಕಥಾಮಾಲೆ ಒಂದೇ ಕುಳಿತದಲ್ಲಿ ನಾಲ್ಕೈದು ಸಲ ಹಾಗೆ ದಾಟಿಸುತ್ತದೆ. ಅದರ ಉಪಯೋಗ ಅದೇ, ಆಕರ್ಷಣೆಯೂ ಅದೇ.

ಇಷ್ಟು ಹೇಳಿದ ಮಾತ್ರಕ್ಕೆ ಈ ಜಾತಿಯ ಚಿತ್ರಗಳೆಲ್ಲ ರತ್ನಗಳೆಂದು ಹೇಳಿದಂತಾಗಲಿಲ್ಲ. ರಕ್ತವನ್ನು ಸುರಿಸುವುದೇ ಭಯವೆಂದು ತಿಳಿದ ಚಿತ್ರಗಳು ಹೇರಳವಾಗಿವೆ. ಅವು ಜುಗುಪ್ಸೆಯನ್ನು ಹುಟ್ಟಿಸುತ್ತವೆಯೇ ಹೊರತು ಭಯವನ್ನಲ್ಲ. ಬುದ್ಧಿಭ್ರಮಣೆಯಾದವರನ್ನೂ ಅಂಗವಿಕಲರನ್ನೂ ಭೂತಗಳಂತೆ ತೋರಿಸಿದ ಪಾಪ ಹಳೆಯ ಇಂಗ್ಲಿಷ್ ಚಿತ್ರಗಳ ಮೇಲೆ ಇದೆ, ಅದನ್ನು ಮುಚ್ಚಬೇಕಾಗಿಲ್ಲ. ಕೆಲವು ಮಾಲೆಗಳಲ್ಲಿ ಚೌಕಟ್ಟೆಂಬುದು ಹೆಸರಿಗೆ ಮಾತ್ರ. ಎಳೆಯ ಕೂಸುಗಳಿಗೆ ಸಲ್ಲದ ಚಿತ್ರವೂ ಉಂಟು. ಆರಿಸಿ ತೋರಿಸುವುದು ಹಿರಿಯರ ಹೊಣೆ. ಆದರೆ ಕೆಟ್ಟ ಕಾದಂಬರಿಗಳಿವೆಯೆಂದು ಕಾದಂಬರಿಯನ್ನೇ ಬಹಿಷ್ಕರಿಸಿದವರುಂಟೆ? ಕಾಳು ಜೊಳ್ಳುಗಳನ್ನು ಬೇರ್ಪಡಿಸಲು ಮೊರ ಬೇಕು. ಕಣಕ್ಕೇ ಬೆಂಕಿಯಿಡುವವನು ಒಕ್ಕಲಿಗನಲ್ಲ.

ಕನ್ನಡ ಚಿತ್ರರಂಗವೂ ಈ ಮಾತಿನಲ್ಲಿ ಹೊಣೆಯಿಂದ ತಪ್ಪಿಸಿಕೊಳ್ಳಲಾರದು. ಪುಟ್ಟಣ್ಣ ಕಣಗಾಲರು 1976ರಲ್ಲಿಯೇ ‘ಕಥಾಸಂಗಮ’ ಚಿತ್ರದಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ, ಈಶ್ವರಚಂದ್ರ ಇವರ ಮೂರು ಕಥೆಗಳನ್ನು ಒಂದೆಡೆ ತಂದು, ಕನ್ನಡದ ಪ್ರೇಕ್ಷಕ ಕಥಾಮಾಲೆಯನ್ನು ನೋಡಬಲ್ಲನೆಂದು ತೋರಿಸಿದರು. ಅದೇ ಹೆಸರನ್ನಿಟ್ಟುಕೊಂಡು 2019ರಲ್ಲಿ ಏಳು ನಿರ್ದೇಶಕರು ಏಳು ಕಥೆಗಳ ಚಿತ್ರವನ್ನು ತಂದರು. ದಾರಿ ತೆರೆದೇ ಇದೆ. ಆದರೂ ಬೇತಾಳನಂಥ ಕಥೆಗಾರನನ್ನೂ ಜನ್ನನಂಥ ಕವಿಯನ್ನೂ ಸಾರಥಿಯಂಥ ಪಾತ್ರವನ್ನೂ ಮನೆಯಲ್ಲಿಟ್ಟುಕೊಂಡ ಭಾಷೆಯಲ್ಲಿ ಭಯಾನಕ ಕಥಾಮಾಲೆಯ ಪರಂಪರೆಯೊಂದು ಬೆಳೆಯಲಿಲ್ಲ. ಬೇತಾಳನನ್ನು ದೂರದರ್ಶನದ ತೆರೆಗೆ ತಂದು 1985ರಲ್ಲಿ ದೇಶಕ್ಕೆಲ್ಲ ಪರಿಚಯಿಸಿದ್ದು ರಾಮಾನಂದ ಸಾಗರರ ಹಿಂದಿ ಮಾಲಿಕೆ. ನಿರ್ಮಾಪಕರು ಅಂಜಿದ್ದು ದೆವ್ವಕ್ಕಲ್ಲ, ಸುಶಿಕ್ಷಿತರ ಮೂಗಿಗೆ.

ಆದುದರಿಂದ ಸುಶಿಕ್ಷಿತ ಗೃಹಸ್ಥರು ಮಾಡಬೇಕಾದುದು ಬಹಿಷ್ಕಾರವಲ್ಲ, ಸಾರಥ್ಯ. ಮಗುವಿಗೆ ತಕ್ಕ ಭೂತದ ಕಥೆಯನ್ನು ಆರಿಸಿ ಹೇಳಲಿ. ಬೆಳೆದ ಮಕ್ಕಳೊಡನೆ ಒಳ್ಳೆಯ ಚಿತ್ರವನ್ನು ಒಟ್ಟಿಗೆ ಕುಳಿತು ನೋಡಲಿ. ಒಂದು ಕಥೆ ಮುಗಿದಾಗ ನಿಲ್ಲಿಸಿ, ಇಲ್ಲಿ ತಪ್ಪು ಯಾರದೆಂದು ಕೇಳಲಿ. ಜಿಲ್ಲೆಯ ಸಾಹಿತ್ಯ ಸಂಘಗಳು ಜನ್ನನ ಕಾವ್ಯವಾಚನದ ಮರುದಿನವೇ ‘ಕ್ವೈದಾನ್’ ಚಿತ್ರವನ್ನೋ ‘ಮಣಿಹಾರಾ’ವನ್ನೋ ತೋರಿಸಿ ಚರ್ಚೆ ಏರ್ಪಡಿಸಲಿ; ಕಾನಹೊಸಹಳ್ಳಿಯಂಥ ಊರಿನಲ್ಲಿ ಬಯಲಾಟವನ್ನು ಕಂಡ ಹಿರಿಯರು ಆ ಚರ್ಚೆಯಲ್ಲಿ ಮಾತಾಡಲಿ. ಸಿನೆಮಾದವರಿಗಿಂತ ಹೆಚ್ಚಾಗಿ ಅವರು ಈ ವಿಷಯವನ್ನು ಬಲ್ಲರು.

ಚೌಕಟ್ಟಿಲ್ಲದ ಭಯ ಏನು ಮಾಡಬಲ್ಲದೆಂಬುದು ಸುಶಿಕ್ಷಿತರಿಗೆ ತಿಳಿಯದ ವಿಷಯವಲ್ಲ. ಚಾಮರಾಜಪೇಟೆ, ಮುರ್ಕಿಗಳ ಸುದ್ದಿಯನ್ನು ಅವರೂ ಓದಿದ್ದಾರೆ. ತಿಳಿದೂ ಸುಮ್ಮನಿರುವವನಿಗೆ ಯಾವ ಶಿಕ್ಷೆಯೆಂಬುದನ್ನು ಬೇತಾಳ ಬಹುಕಾಲದ ಹಿಂದೆಯೇ ಹೇಳಿದೆ.